ಎದೆಯ ನೀರು, ಪಕ್ಕೆಯ ನಳಿಕೆ ಮತ್ತು ನಮ್ಮ ಅಂಜಿಕೆ

ಪಕ್ಕೆಗೆ ಪೈಪು ಹಾಕಿಸಿಕೊಂಡವರು ಉಳಿಯುವುದಿಲ್ಲವೆಂಬ ಮಾತು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿ ಇಂದಿಗೂ ನಮ್ಮ ಕಿವಿಗೆ ಬೀಳುತ್ತಿದೆ. ಆ ಮಾತು ಹುಟ್ಟಿದ ಬಗೆ ಅರ್ಥವಾಗದ್ದೇನಲ್ಲ. ಪಕ್ಕೆಶೂಲೆ, ಸಂಜೆಯ ಜ್ವರ, ಏದುಸಿರುಗಳನ್ನು ವಾರಗಟ್ಟಲೆ ನುಂಗಿಕೊಂಡು, ಕಡೆಗೆ ಮಲಗಲೂ ಆಗದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದವರಿಗೆ ನಳಿಕೆ ಹಾಕುತ್ತಾರೆ. ಅವರಲ್ಲಿ ಕೆಲವರು ತೀರಿಕೊಳ್ಳುತ್ತಾರೆ. ತಡ ಮಾಡಿದ ತಪ್ಪು ಮರೆತುಹೋಗಿ ಅಪವಾದ ಮಾತ್ರ ನಳಿಕೆಯ ತಲೆಗೆ ಬರುತ್ತದೆ.

ಶ್ವಾಸಕೋಶಕ್ಕೂ ಎದೆಗೂಡಿನ ಒಳಗೋಡೆಗೂ ನಡುವೆ ಎರಡು ತೆಳುಪೊರೆಗಳಿವೆ. ಅವುಗಳ ಮಧ್ಯೆ ಇರುವುದು ಒಂದೆರಡು ಚಮಚೆಯಷ್ಟು ದ್ರವ. ಆ ಜಾಗದಲ್ಲಿ ನೀರೋ ಕೀವೋ ರಕ್ತವೋ ಗಾಳಿಯೋ ತುಂಬಿಕೊಂಡರೆ ಶ್ವಾಸಕೋಶ ಕುಗ್ಗುತ್ತದೆ. ಎದೆಗೆ ನೀರು ಬಂದವರಿಗೆಲ್ಲ ನಳಿಕೆ ಬೇಕೆಂದಲ್ಲ. ಕ್ಷಯದಿಂದ ಬಂದ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿ, ಆರು ತಿಂಗಳು ಮಾತ್ರೆ ಕೊಟ್ಟರೆ ಹೆಚ್ಚಿನವರಲ್ಲಿ ಅದು ತಾನಾಗಿ ಇಂಗುತ್ತದೆ. ಕೀವಿನ ಮಾತು ಬೇರೆ. ಅದು ಹೊರಗೆ ಹರಿಯಲೇಬೇಕು. ಅಪಘಾತದಲ್ಲಿ ಪಕ್ಕೆಲುಬು ಮುರಿದು ರಕ್ತ ಅಥವಾ ಗಾಳಿ ತುಂಬಿದವರಿಗೂ, ಬೀಡಿ ಸೇದಿ ಸೇದಿ ಜೀರ್ಣವಾದ ಶ್ವಾಸಕೋಶದ ಬೊಬ್ಬೆಯೊಡೆದು ಗಾಳಿ ಸೋರಿದವರಿಗೂ ಬಹುತೇಕ ಇದೇ ದಾರಿ. ಹೊರದಾರಿಯಿಲ್ಲದೆ ಗಾಳಿ ಒತ್ತಿಕೊಳ್ಳುತ್ತ ಹೋದರೆ ಹೃದಯವೇ ಪಕ್ಕಕ್ಕೆ ಸರಿಯುತ್ತದೆ. ಆಗ ಲೆಕ್ಕ ನಿಮಿಷಗಳದ್ದು. ಅದನ್ನು ಹೊರಹಾಕುವ ಕಷಾಯ ಯಾವ ವೈದ್ಯಪದ್ಧತಿಯಲ್ಲಿಯೂ ಇಲ್ಲ.

ಆಯುರ್ವೇದದವರಾದ ನಾವು ಹೀಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಜಲೋದರಕ್ಕೆ ವ್ರೀಹಿಮುಖ ಶಸ್ತ್ರದಿಂದ ಚುಚ್ಚಿ, ನಾಡಿಯನ್ನಿರಿಸಿ ನೀರು ತೆಗೆಯುವ ಕ್ರಮವಿದೆ. ಒಂದೇ ದಿನ ಎಲ್ಲವನ್ನೂ ತೆಗೆಯಬಾರದೆಂಬ ಎಚ್ಚರವೂ ಇದೆ. ಅದು ಹೊಟ್ಟೆಯ ಮಾತು, ಎದೆಯದಲ್ಲ. ಎಲ್ಲವೂ ನಮ್ಮಲ್ಲಿಯೇ ಇತ್ತೆಂದು ಬೀಗುವುದು ನಮಗೊಪ್ಪದು. ಆದರೆ ಆ ಎಚ್ಚರ ಇಂದಿಗೂ ಸಲ್ಲುತ್ತದೆ. ಎದೆಯಿಂದ ಒಮ್ಮೆಗೇ ಸುಮಾರು ಒಂದೂವರೆ ಲೀಟರಿಗಿಂತ ಹೆಚ್ಚು ನೀರು ತೆಗೆದರೆ, ದಿಢೀರನೆ ಅರಳಿದ ಶ್ವಾಸಕೋಶದೊಳಗೇ ನೀರು ಜಿನುಗುವ ಅಪಾಯವುಂಟು. ವೈದ್ಯರು ನಡುನಡುವೆ ನಿಲ್ಲಿಸಿದರೆ ಅಸಡ್ಡೆಯೆಂದು ಭಾವಿಸಬಾರದು.

ಕಂಕುಳ ಕೆಳಗೆ, ನಾಲ್ಕನೆಯ ಅಥವಾ ಐದನೆಯ ಪಕ್ಕೆಸಂದಿನಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೆಳಗಿನ ಎಲುಬಿನ ಮೇಲಂಚಿಗೆ ತಾಗಿದಂತೆ ನಳಿಕೆಯನ್ನು ಒಳಸೇರಿಸುತ್ತಾರೆ. ಪ್ರತಿ ಎಲುಬಿನ ಕೆಳ ಅಂಚಿನಲ್ಲಿ ರಕ್ತನಾಳ, ನರಗಳು ಹಾಯುವುದರಿಂದ ಈ ಜಾಗರೂಕತೆ. ಇಷ್ಟಲಿಂಗವನ್ನು ತೆಗೆಯಬೇಕೇ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ನಳಿಕೆ ಹಾಕುವುದು ಪಕ್ಕೆಯಲ್ಲಿ. ಎಕ್ಸ್‌ರೇ ತೆಗೆಯುವಾಗ ಬೆಳ್ಳಿಯ ಕರಡಿಗೆಯ ನೆರಳು ಬೀಳದಂತೆ ತೋಳಿಗೆ ಕಟ್ಟಿಕೊಂಡರೆ ಸಾಕು.

ನಳಿಕೆ ಹಾಕುವುದು ಅರ್ಧ ಗಂಟೆಯ ಕೆಲಸ, ಕಾಯುವುದು ಹಗಲಿರುಳಿನದು. ನಮ್ಮ ವಾರ್ಡುಗಳಲ್ಲಿ ರಾತ್ರಿಯಿಡೀ ಎಚ್ಚರವಿರುವವರು ಹೆಂಡತಿ, ಮಗ, ಸೊಸೆ. ಅವರಿಗೆ ಯಾರೂ ಏನನ್ನೂ ವಿವರಿಸುವುದಿಲ್ಲವೆಂಬುದೇ ನಮ್ಮ ದೊಡ್ಡ ಆಕ್ಷೇಪ. ನಳಿಕೆಯ ಹೊರತುದಿ ಸೀಸೆಯ ನೀರಿನಲ್ಲಿ ಸುಮಾರು ಎರಡು ಸೆಂಟಿಮೀಟರ್ ಮುಳುಗಿರುತ್ತದೆ. ಗಾಳಿ ಗುಳ್ಳೆಯಾಗಿ ಹೊರಬರಬಲ್ಲದು, ಹಿಂದಿರುಗಲಾರದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ಬೂಲೌ ಬಳಕೆಗೆ ತಂದ ಈ ಉಪಾಯದಷ್ಟು ಸರಳವಾದದ್ದು ವೈದ್ಯಶಾಸ್ತ್ರದಲ್ಲಿ ಅಪರೂಪ. ಉಸಿರಿನೊಡನೆ ನಳಿಕೆಯ ನೀರು ಏರಿಳಿಯುತ್ತಿದ್ದರೆ ದಾರಿ ತೆರೆದಿದೆಯೆಂದರ್ಥ. ಸೀಸೆ ಸದಾ ಎದೆಗಿಂತ ಕೆಳಗಿರಬೇಕು; ನೆಲ ಗುಡಿಸುವವರಿಗೆ ಅಡ್ಡಿಯೆಂದು ಮಂಚದ ಮೇಲೆ ಎತ್ತಿಟ್ಟರೆ ಅದರ ನೀರು ಎದೆಯೊಳಕ್ಕೇ ಹರಿದೀತು. ಗುಳ್ಳೆ ಬರುತ್ತಿರುವ ನಳಿಕೆಯನ್ನು ಕಟ್ಟಬಾರದು, ಮಡಚಬಾರದು, ಅದರ ಮೇಲೆ ಮಲಗಬಾರದು. ನಳಿಕೆಯೇ ಕಳಚಿ ಬಂದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ತಕ್ಷಣ ದಾದಿಯರನ್ನು ಕೂಗಬೇಕು. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚುಮಾಡಿ ಮಂಚಕ್ಕೆ ತೂಗುಹಾಕಲು ಎಷ್ಟು ಖರ್ಚಾದೀತು?

ಇನ್ನೊಂದು ಕೆಡುಕು, ಕಬ್ಬಿನ ಕಟಾವು ಬಂತೆಂದೋ ಮನೆಯಲ್ಲಿ ಮದುವೆಯೆಂದೋ ನಡುವೆಯೇ ಬಿಡಿಸಿಕೊಂಡು ಹೋಗುವುದು. ಗುಳ್ಳೆ ನಿಂತು, ದಿನದ ದ್ರವ ಸುಮಾರು 200 ಮಿಲಿಲೀಟರಿಗಿಂತ ಕೆಳಗಿಳಿದು, ಶ್ವಾಸಕೋಶ ಅರಳಿದ್ದು ಎಕ್ಸ್‌ರೇಯಲ್ಲಿ ಕಂಡ ಮೇಲೆಯೇ ನಳಿಕೆ ತೆಗೆಯುವುದು ಕ್ರಮ. ಕೀವಿದ್ದವರಿಗೆ ವಾರಗಳೇ ಹಿಡಿದಾವು. ಅರ್ಧಕ್ಕೆ ಬಿಟ್ಟರೆ ಕೀವು ದಪ್ಪ ಸಿಪ್ಪೆಯಾಗಿ ಶ್ವಾಸಕೋಶವನ್ನು ಬಿಗಿದು, ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ನಮ್ಮ ಪದ್ಧತಿಯ ಆಹಾರ, ಅಗ್ನಿದೀಪನ, ಬಲವರ್ಧನೆಗಳಿಗೆ ಅನಂತರ ಬೇಕಾದಷ್ಟು ಅವಕಾಶವಿದೆ. ಆದರೆ ಕ್ಷಯದ ಮಾತ್ರೆಯನ್ನು ನಿಲ್ಲಿಸಿ ಅಲ್ಲ. ಕ್ಷಯರೋಗಿಗಳ ಪೋಷಣೆಗೆ ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿಯಾಗಿದೆ, ಅದನ್ನು ಬಿಡಬೇಡಿರಿ.

ಕ್ಷಯಕ್ಕೆ ಬಲಿಯಾದ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಆಸ್ಪತ್ರೆ ಮೈಸೂರಿನಲ್ಲಿದೆ. ಮಂಡ್ಯದಲ್ಲಿಯೂ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ದೀರ್ಘ ಚಿಕಿತ್ಸೆಗೆ ಅಲ್ಲಿಗೆ ಹೋಗೋಣ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಎದೆ ಜಜ್ಜಿಹೋದವನಿಗೆ ಮೈಸೂರು ತಲುಪುವಷ್ಟು ಪುರಸೊತ್ತು ಇರಲಾರದು. ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಕುಳಿತಿರುವ ಭಕ್ತರು ನಿಮ್ಮಲ್ಲಿದ್ದೀರಿ. ನಡುರಾತ್ರಿ ಎರಡು ಗಂಟೆಗೆ ನಳಿಕೆ ಹಾಕಬಲ್ಲವರು ಒಬ್ಬರು, ಬಿಚ್ಚಿ ಬಳಸಲು ಸಿದ್ಧವಿರುವ ಸಾಮಗ್ರಿ ಒಂದು ಜೊತೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿರಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ.