ಲೆಕ್ಕದ ಸಾಫ್ಟ್‌ವೇರ್: ಯಾವ ಮೆಟ್ಟಿಲಿಗೆ ಎಷ್ಟು ಹಣ?

ಕೃಷಿ ಪುಟದಲ್ಲಿ ಅಂಗಡಿ ಲೆಕ್ಕದ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ಮಕ್ಕಳು ಇಂದು ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಹಾಲು, ತರಕಾರಿ, ಬೇಕರಿ, ಕಾಂಡಿಮೆಂಟ್ಸ್ ಅಂಗಡಿ ಇಟ್ಟು ಬದುಕುತ್ತಿದ್ದಾರೆ. ಊರುಗಳಲ್ಲೂ ರೈತ ಉತ್ಪಾದಕ ಕಂಪನಿಗಳು ಹುಟ್ಟಿಕೊಂಡಿವೆ. ಲೆಕ್ಕದ ಸಾಫ್ಟ್‌ವೇರ್ ಕೊಳ್ಳಬೇಕೆ, ಕೊಂಡರೆ ಯಾವ ದರದ್ದು ಎಂಬ ಪ್ರಶ್ನೆ ಇವರೆಲ್ಲರ ಮುಂದಿದೆ. ಮಗ ಕಳಿಸುವ ಹಣದಿಂದ ಬಾವಿಗೆ ಪಂಪು ಹಾಕಿಸುವ ಮನೆಗೆ ಇದು ದೂರದ ವಿಷಯವಲ್ಲ.

ನೋಟೀಸು ಕಲಿಸಿದ ಪಾಠ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ವಿವರ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ್ದು ನಿಮಗೆ ನೆನಪಿರಬಹುದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ಜಿಎಸ್‌ಟಿ ನೋಂದಣಿಯ ಮಿತಿ. ಅದನ್ನು ದಾಟಿಯೂ ನೋಂದಣಿ ಮಾಡಿಸದವರೆಂದು ಕಂಡವರಿಗೆ ಈ ನೋಟೀಸು ಹೋಯಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ ತೆರಿಗೆಯ ನೋಟೀಸು ಬಂತು. ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಅಂಟಿದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿದವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ, ಹಾಲಿಗೂ ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವನು ನೋಂದಣಿ ಮಾಡಿಸಬೇಕಾಗಿಲ್ಲ. ತನ್ನ ಹೊಲದ ಬೆಳೆ ಮಾರುವ ರೈತನಿಗೂ ಆ ಮಾರಾಟದ ಮಟ್ಟಿಗೆ ನೋಂದಣಿ ಬೇಡ. ಹಾಗಿದ್ದರೂ ನೋಟೀಸು ಏಕೆ ಬಂತು? ಯುಪಿಐ ದಾಖಲೆ ಹಣದ ಮೊತ್ತವನ್ನು ಹೇಳುತ್ತದೆಯೇ ಹೊರತು ಮಾರಿದ್ದು ಟೊಮೆಟೊವೋ ಸೋಪೋ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಅಂಗಡಿಯ ಪುಸ್ತಕ.

ಬೇರ್ಪಡಿಸಿದ ಲೆಕ್ಕದ ಬೆಲೆ

ಒಂದು ಉದಾಹರಣೆ ನೋಡಿ. ಬನಶಂಕರಿಯ ಒಂದು ಅಂಗಡಿ ವರ್ಷಕ್ಕೆ 45 ಲಕ್ಷ ರೂಪಾಯಿ ವ್ಯಾಪಾರ ಮಾಡುತ್ತದೆ ಎನ್ನೋಣ. ಅದರಲ್ಲಿ 30 ಲಕ್ಷ ಹಾಲು, ತರಕಾರಿಯದು. 15 ಲಕ್ಷ ಬಿಸ್ಕತ್ತು, ಸೋಪಿನದು. ಎರಡು ಬಗೆಯ ಸರಕೂ ಇರುವುದರಿಂದ 40 ಲಕ್ಷದ ಮಿತಿಗೆ ಹಾಲಿನ ವಹಿವಾಟೂ ಸೇರುತ್ತದೆ, ನೋಂದಣಿ ಬೇಕು. ಆದರೆ ತೆರಿಗೆ ಬೀಳುವುದು 15 ಲಕ್ಷಕ್ಕೆ ಮಾತ್ರ. ಒಂದೂವರೆ ಕೋಟಿ ರೂಪಾಯಿ ವಹಿವಾಟಿನವರೆಗೆ ಇರುವ ರಾಜಿ ತೆರಿಗೆ ಪದ್ಧತಿಗೆ, ಅಂದರೆ ಕಾಂಪೊಸಿಷನ್ ಯೋಜನೆಗೆ, ಸೇರಿದರೆ ವ್ಯಾಪಾರಿಗೆ ಶೇಕಡಾ 1ರ ದರ. ಲೆಕ್ಕ ಬೇರ್ಪಡಿಸಿದ್ದರೆ ತೆರಿಗೆ 15,000 ರೂಪಾಯಿ. ಬೇರ್ಪಡಿಸದೆ ಎಲ್ಲದಕ್ಕೂ ಕಟ್ಟಿದರೆ 45,000 ರೂಪಾಯಿ. ವರ್ಷಕ್ಕೆ 30,000 ರೂಪಾಯಿ ನಷ್ಟ! ಲೆಕ್ಕದ ಯಾವುದೇ ಸಾಧನವನ್ನು ಮೊದಲು ಈ ತಕ್ಕಡಿಯಲ್ಲಿ ತೂಗಬೇಕು. ತೆರಿಗೆಯ ಸರಕು, ತೆರಿಗೆ ಇಲ್ಲದ ಸರಕು ಎರಡನ್ನೂ ದಿನದಿನವೂ ಬೇರೆಬೇರೆ ಬರೆಯಲು ಅದು ನೆರವಾಗುತ್ತದೆಯೇ? ನೆರವಾಗದಿದ್ದರೆ ಪುಕ್ಕಟೆ ಸಿಕ್ಕರೂ ಅದು ದುಬಾರಿಯೇ.

ಮೆಟ್ಟಿಲುಗಳ ವ್ಯಾಪಾರ

ದೇಶದ ಅಂಗಡಿ ಲೆಕ್ಕದಲ್ಲಿ ದೊಡ್ಡ ಹೆಸರಾದ ಟ್ಯಾಲಿ ನಮ್ಮ ಬೆಂಗಳೂರಿನದೇ. 1986ರಲ್ಲಿ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಇದನ್ನು ಆರಂಭಿಸಿದರು. ಕಾರ್ಖಾನೆಗಳಿಗೆ ಸಾಮಗ್ರಿ ಒದಗಿಸುತ್ತಿದ್ದ ತಂದೆಗೆ ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ಸಾಧನ ಸಿಗದ ಕಾರಣ, ಗಣಿತ ಓದಿದ್ದ ಮಗ ತಾನೇ ತಯಾರಿಸಿದ.

2020ರಲ್ಲಿ ಟ್ಯಾಲಿಪ್ರೈಮ್ ಬಂದಾಗ ಅದರ ‘ಸಿಲ್ವರ್’ ಮೆಟ್ಟಿಲಿಗೆ 18,000 ರೂಪಾಯಿ, ‘ಗೋಲ್ಡ್’ ಮೆಟ್ಟಿಲಿಗೆ 54,000 ರೂಪಾಯಿ ಇತ್ತು. ಮುಂದೆ ಇವು 22,500 ಮತ್ತು 67,500 ರೂಪಾಯಿಗೆ ಏರಿದವು. ಇದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಹಾಗಾಗಿ 22,500 ರೂಪಾಯಿಯ ಸಿಲ್ವರ್ ಕೈಗೆ ಬರುವಾಗ 26,550 ರೂಪಾಯಿ ಆಗುತ್ತದೆ.

ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸವೇನು? ಸಿಲ್ವರ್ ಒಬ್ಬರು ಕುಳಿತು ಬರೆಯುವುದಕ್ಕೆ. ಗೋಲ್ಡ್ ಒಂದೇ ಜಾಲದ ಹಲವು ಕಂಪ್ಯೂಟರುಗಳಲ್ಲಿ ಹಲವರು ಬರೆಯುವುದಕ್ಕೆ. ಒಬ್ಬನೇ ಗುಮಾಸ್ತನಿರುವ ರೈತ ಉತ್ಪಾದಕ ಕಂಪನಿಗೆ ಮೂರು ಪಟ್ಟು ಬೆಲೆಯ ಗೋಲ್ಡ್ ಕೊಳ್ಳುವುದು ಎರಡು ಎಕರೆಗೆ ದೊಡ್ಡ ಟ್ರ್ಯಾಕ್ಟರ್ ಕೊಂಡಂತೆ.

ಇನ್ನೊಂದು ಬಗೆ ಬಾಡಿಗೆಯದು. ತಿಂಗಳಿಗೋ ವರ್ಷಕ್ಕೋ ಹಣ ಕಟ್ಟುತ್ತಿರಬೇಕು. ಮೊದಲ ಮೆಟ್ಟಿಲು ಪುಕ್ಕಟೆ ಅಥವಾ ಅಗ್ಗ. ಬಿಲ್ಲುಗಳ ಸಂಖ್ಯೆ, ದಾಸ್ತಾನಿನ ಲೆಕ್ಕ, ಎರಡನೆಯ ಬಳಕೆದಾರ, ಇವು ಬೇಕೆಂದಾಗ ಮೇಲಿನ ಮೆಟ್ಟಿಲಿಗೆ ಹಣ. ಮೊದಲ ವರ್ಷ ಇದು ಹಗುರ ಎನಿಸುತ್ತದೆ. ಐದು ವರ್ಷದ ಬಾಡಿಗೆ ಕೂಡಿಸಿ ನೋಡಿದ ಮೇಲೆ ತೀರ್ಮಾನಿಸಿ. ಒಮ್ಮೆಗೇ ಕೊಳ್ಳುವ ಸಾಫ್ಟ್‌ವೇರಿಗೂ ವಾರ್ಷಿಕ ನವೀಕರಣದ ಖರ್ಚುಂಟು. 18,000 ರೂಪಾಯಿ ಬೆಲೆಯಿದ್ದಾಗ ಸಿಲ್ವರಿನ ನವೀಕರಣ ವರ್ಷಕ್ಕೆ 3,600 ರೂಪಾಯಿ ಇತ್ತು. ನವೀಕರಿಸದಿದ್ದರೂ ಹಳೆಯ ಲೆಕ್ಕ ತೆರೆಯುತ್ತದೆ. ಕಾನೂನು ಬದಲಾದಾಗ ಬರುವ ಹೊಸ ತಿದ್ದುಪಡಿ ಮಾತ್ರ ಸಿಗುವುದಿಲ್ಲ.

ಕೊಳ್ಳುವ ಮೊದಲು

ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು. ಆದ್ದರಿಂದ ಮಾರಾಟಗಾರನನ್ನು ಕೇಳಿ: ಬಾಡಿಗೆ ನಿಲ್ಲಿಸಿದರೆ ನನ್ನ ಹಳೆಯ ಪುಸ್ತಕ ನನಗೆ ಸಿಗುತ್ತದೆಯೇ? ಎಲ್ಲವನ್ನೂ ಇಳಿಸಿಕೊಂಡು ಬೇರೆಡೆ ಇಡಬಹುದೇ? ಇದಕ್ಕೆ ನೇರ ಉತ್ತರ ಸಿಗದಿದ್ದರೆ ಹಿಂದೆ ಸರಿಯಿರಿ.

ಕಾನೂನು ಕೇಳದ ಸೌಲಭ್ಯಕ್ಕೆ ಹಣ ಕೊಡಬೇಡಿ. 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯವಾದದ್ದು 5 ಕೋಟಿ ರೂಪಾಯಿ ದಾಟಿದವರಿಗೆ. 50 ಲಕ್ಷದ ಅಂಗಡಿಗೆ ಆ ಮೆಟ್ಟಿಲು ಅನಗತ್ಯ.

ಪುಕ್ಕಟೆ ದಾರಿಯೂ ಇದೆ. ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿನವರಿಗೆ ಉಚಿತ ಲೆಕ್ಕ ಮತ್ತು ಬಿಲ್ ಸಾಫ್ಟ್‌ವೇರ್ ಒದಗಿಸುವುದಾಗಿ ಜಿಎಸ್‌ಟಿ ಜಾಲ ಸಂಸ್ಥೆ 2019ರಲ್ಲೇ ಪ್ರಕಟಿಸಿತ್ತು. ಹಣ ಕಟ್ಟುವ ಮೊದಲು ತೆರಿಗೆ ಕಚೇರಿಯಲ್ಲಿ ಅಥವಾ ನಿಮ್ಮ ಲೆಕ್ಕಿಗರಲ್ಲಿ ಇದನ್ನು ವಿಚಾರಿಸಿ.

ಸರ್ಕಾರಕ್ಕೂ ಒಂದು ಮಾತು. 2022ರಲ್ಲಿ ಕೇಂದ್ರ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆಯನ್ನು ಒಪ್ಪಿತು. ಸಂಘಗಳಿಗೆಲ್ಲ ಒಂದೇ ಸಾಫ್ಟ್‌ವೇರ್ ಎಂಬುದು ಅದರ ತಿರುಳು. ಸಾವಿರಾರು ಅಂಗಡಿಗಳ ಯುಪಿಐ ಮೊತ್ತವನ್ನು ಕೂಡಿಸಬಲ್ಲ ಇಲಾಖೆಗೆ, ಕನ್ನಡದಲ್ಲಿ ಕಲಿಸುವ ಪುಕ್ಕಟೆ ಲೆಕ್ಕದ ಸಾಧನವನ್ನು ಅದೇ ಅಂಗಡಿಗಳಿಗೆ ಮುಟ್ಟಿಸುವುದು ಅಸಾಧ್ಯವೇನಲ್ಲ. ನೋಟೀಸಿಗಿಂತ ಮೊದಲು ಹೋಗಬೇಕಾದದ್ದು ಅದು.

ಅಲ್ಲಿಯವರೆಗೆ ಬೆಂಗಳೂರಿನ ಮಗನಿಗೆ, ಅಳಿಯನಿಗೆ ಫೋನಿನಲ್ಲಿ ಹೇಳಿ: ಸಾಫ್ಟ್‌ವೇರ್ ನಿಧಾನವಾಗಿ ನೋಡಿ ಕೊಳ್ಳಲಿ, ಆದರೆ ಲೆಕ್ಕ ಬೇರ್ಪಡಿಸುವುದನ್ನು ಇಂದೇ ಆರಂಭಿಸಲಿ. ಹಾಲು, ತರಕಾರಿಗೆ ಒಂದು ಪುಟ, ಉಳಿದದ್ದಕ್ಕೆ ಇನ್ನೊಂದು. ಅದಕ್ಕೆ ಒಂದು ನೋಟ್‌ಬುಕ್ ಸಾಕು.