ಉಸಿರು ಹಿಡಿಯಲಾಗದವರಿಗೂ ಎಂಆರ್‌ಐ

ನಮ್ಮ ಮುಳಬಾಗಿಲಿನ ಕಡೆ ಎಂಆರ್‌ಐ ಅಂದರೆ ತಲೆಗೆ, ಬೆನ್ನಿಗೆ, ಮಂಡಿಗೆ ಮಾಡಿಸೋದು ಅಂತಲೇ ಲೆಕ್ಕ. ಎದೆನೋವು ಅಂದರೆ ಇಸಿಜಿ, ಎಕೋ, ಆಮೇಲೆ ಆಂಜಿಯೋಗ್ರಾಂ. ಹೃದಯಕ್ಕೂ ಎಂಆರ್‌ಐ ಇದೆ ಅಂತ ನಮ್ಮ ಮನೆಯವರಿಗೆ ಗೊತ್ತಾಗಿದ್ದು ಚಿಕ್ಕಪ್ಪನಿಂದ.

ಚಿಕ್ಕಪ್ಪ ಟೊಮೇಟೊ ಬೆಳೆಯುವವರು. ಜ್ವರ ಬಂದು ಹೋದ ಕೆಲವೇ ದಿನಕ್ಕೆ ಎದೆನೋವು, ಏದುಸಿರು ಶುರುವಾಯಿತು. ಬೆಂಗಳೂರಿನಲ್ಲಿ ಆಂಜಿಯೋಗ್ರಾಂ ಮಾಡಿದರೆ ಬ್ಲಾಕ್ ಇಲ್ಲ. ಆದರೆ ಎಕೋದಲ್ಲಿ ಹೃದಯದ ಬಡಿತ ದುರ್ಬಲವಾಗಿ ಕಾಣುತ್ತಿತ್ತು. “ಬ್ಲಾಕ್ ಇಲ್ಲ ಅಂದ್ಮೇಲೆ ವಡ್ಡಹಳ್ಳಿ ಮಾರ್ಕೆಟ್ಟಿಗೆ ಬಾಕ್ಸ್ ಹಾಕ್ಕೊಂಡು ಹೋಗ್ಬೋದಲ್ವಾ?” ಅನ್ನೋದು ಅವರ ಪ್ರಶ್ನೆ. ಸೀಸನ್ ಬೇರೆ. ಉತ್ತರ ಹೇಳೋಕೆ ಡಾಕ್ಟರಿಗೆ ಹೃದಯದ ಮಾಂಸಖಂಡ ಒಳಗೆ ಹೇಗಿದೆ ಅಂತ ಗೊತ್ತಾಗಬೇಕಿತ್ತು.

ಅದನ್ನು ತೋರಿಸುವುದೇ ಈ ಎಂಆರ್‌ಐ. ಆಂಜಿಯೋಗ್ರಾಂ ರಕ್ತನಾಳವನ್ನು ತೋರಿಸುತ್ತದೆ, ಎಕೋ ಬಡಿತವನ್ನು ತೋರಿಸುತ್ತದೆ. ಮಾಂಸಖಂಡ ಊದಿಕೊಂಡಿದೆಯಾ, ಗಾಯದ ಕಲೆಯಾಗಿದೆಯಾ ಅನ್ನೋದನ್ನು ಎಂಆರ್‌ಐ ಸ್ಪಷ್ಟವಾಗಿ ಹೇಳಬಲ್ಲದು. ಗ್ಯಾಡೋಲಿನಿಯಂ ಇರುವ ಔಷಧಿಯನ್ನು ರಕ್ತಕ್ಕೆ ಕೊಟ್ಟು, ಸುಮಾರು ಹತ್ತು ನಿಮಿಷ ಬಿಟ್ಟು ಚಿತ್ರ ತೆಗೆದರೆ, ಪೆಟ್ಟು ತಿಂದ ಜಾಗ ಬೆಳ್ಳಗೆ ಕಾಣುತ್ತದೆ. ಆ ಬಿಳಿ ಎಲ್ಲಿದೆ ಅನ್ನೋದರ ಮೇಲೆ ಇದು ಹಾರ್ಟ್ ಅಟ್ಯಾಕೋ, ವೈರಸ್‌ನಿಂದ ಬಂದ ಉರಿಯೂತವೋ ಅಂತ ಅಂದಾಜಾಗುತ್ತದೆ. ಎಕ್ಸ್‌-ರೇ ವಿಕಿರಣ ಇಲ್ಲ.

ತೊಂದರೆ ಇರುವುದು ಚಿತ್ರ ತೆಗೆಯುವುದರಲ್ಲಿ. ಮಂಡಿ ಅಲ್ಲಾಡದೆ ಇರುತ್ತದೆ, ಹೃದಯ ಇರುತ್ತದೆಯೇ? ಯಂತ್ರ ಒಂದೇ ಬಡಿತದಲ್ಲಿ ಎಲ್ಲ ಮಾಹಿತಿ ಸೇರಿಸಲಾರದು. ಎದೆಗೆ ಇಸಿಜಿ ತಂತಿ ಅಂಟಿಸಿ, ಹಲವು ಬಡಿತಗಳಿಂದ ತುಣುಕು ತುಣುಕಾಗಿ ಸಂಗ್ರಹಿಸಿ ಒಂದು ಚಿತ್ರ ಕಟ್ಟುತ್ತದೆ. ಅಷ್ಟು ಹೊತ್ತು ಉಸಿರು ಹಿಡಿಯಬೇಕು. ಹೀಗೆ ಮತ್ತೆ ಮತ್ತೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹೊರಗೆ ಬಂದ ಚಿಕ್ಕಪ್ಪ ಅಂದರು: “ಉಸಿರೇ ಸಾಲ್ದೆ ಬಂದೋನು ನಾನು, ಉಸಿರು ಹಿಡ್ಕೊಳಿ ಅಂತಾರಲ್ಲಪ್ಪಾ!”

ಹೃದಯದ ಎಂಆರ್‌ಐ ಮುಂದೆ ಬದಲಾಗಬೇಕಿರುವುದು ಇಲ್ಲೇ. 2007ರಲ್ಲಿ ಮೈಕೆಲ್ ಲಸ್ಟಿಗ್ ಮತ್ತು ಸಂಗಡಿಗರು, ಎಲ್ಲ ಮಾಹಿತಿ ಸಂಗ್ರಹಿಸದೆಯೂ ಗಣಿತದ ಸಹಾಯದಿಂದ ಪೂರ್ತಿ ಚಿತ್ರ ಕಟ್ಟಬಹುದು ಎಂದು ತೋರಿಸಿದರು. ಈಗ ಆ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಸೇರಿಕೊಂಡಿದೆ. ಮಾಹಿತಿ ಕಡಿಮೆ ಸಾಕು ಅಂದರೆ ಸಮಯವೂ ಕಡಿಮೆ. ರೋಗಿ ಸಲೀಸಾಗಿ ಉಸಿರಾಡುತ್ತಿದ್ದರೂ, ಬಡಿತ ಏರುಪೇರಾದರೂ ಚಿತ್ರ ಸಿಗುವ ವಿಧಾನಗಳು ಬಂದಿವೆ. ಚಿಕ್ಕಪ್ಪನಿಗೂ ಮಸುಕಾಗಿದ್ದ ಕೆಲವು ಚಿತ್ರಗಳನ್ನು ಹಾಗೇ ಮತ್ತೆ ತೆಗೆದರು.

ಸಾಫ್ಟ್‌ವೇರ್‌ನವನಾದ ನನಗೆ ಇಲ್ಲೊಂದು ಅಳುಕೂ ಇದೆ. ಸಿಗದ ಮಾಹಿತಿಯನ್ನು ಪ್ರೋಗ್ರಾಂ ತುಂಬುತ್ತದೆ ಅಂದರೆ, ತಾನು ಹಿಂದೆ ಕಲಿತ ಚಿತ್ರಗಳ ಮೇಲೆ ಊಹೆ ಮಾಡುತ್ತದೆ ಅಂತ. ಇಲ್ಲದ ಕಲೆಯನ್ನು ಬರೆಯಬಹುದು, ಇರುವ ಸಣ್ಣ ಕಲೆಯನ್ನು ಒರೆಸಿಯೂ ಬಿಡಬಹುದು. ಮಸುಕಾದ ಚಿತ್ರ ನೋಡಿದರೆ ಡಾಕ್ಟರಿಗೆ ಅನುಮಾನ ಬರುತ್ತದೆ. ನುಣುಪಾದ ತಪ್ಪು ಚಿತ್ರ ನೋಡಿದರೆ ಬರುವುದಿಲ್ಲ. ಆದ್ದರಿಂದ ಇಂಥ ಪ್ರೋಗ್ರಾಂಗಳು ನಮ್ಮ ಜನರ ಹೃದಯದ ಚಿತ್ರಗಳ ಮೇಲೂ ಪರೀಕ್ಷೆಯಾಗಬೇಕು, ಕೊನೆಯ ಮಾತು ತಜ್ಞರದ್ದೇ ಆಗಿರಬೇಕು.

ಯಂತ್ರವೂ ಬದಲಾಗುತ್ತಿದೆ. ಹಳೆಯ ಮಾದರಿಯ ಅಯಸ್ಕಾಂತವನ್ನು ತಂಪಾಗಿಡಲು ಸಾವಿರಕ್ಕೂ ಹೆಚ್ಚು ಲೀಟರ್ ದ್ರವ ಹೀಲಿಯಂ ಬೇಕು. ಹೊಸ ಕೆಲವಕ್ಕೆ ಹತ್ತು ಲೀಟರೂ ಬೇಡ. ಸಾಮಾನ್ಯವಾದ 1.5 ಟೆಸ್ಲಾ ಬದಲು 0.55 ಟೆಸ್ಲಾ ಶಕ್ತಿಯ ಯಂತ್ರಗಳಲ್ಲೂ ಹೃದಯದ ಚಿತ್ರ ತೆಗೆಯುವ ಪ್ರಯತ್ನ ನಡೆದಿದೆ. ನಮ್ಮ ಬೆಂಗಳೂರಿನದೇ ಆದ ವೋಕ್ಸೆಲ್‌ಗ್ರಿಡ್ಸ್ ಸಂಸ್ಥೆಯ 1.5 ಟೆಸ್ಲಾ ಯಂತ್ರ 2023ರಲ್ಲಿ ಬಿಡುಗಡೆಯಾಯಿತು. ಇವೆಲ್ಲ ಸೇರಿದರೆ ಜಿಲ್ಲಾ ಕೇಂದ್ರಗಳ ಮಟ್ಟದಲ್ಲಿ ಈ ಪರೀಕ್ಷೆ ಸಿಗುವ ದಿನ ಬರಬಹುದು.

ಒಂದು ಮಾತು ಮರೀಬೇಡಿ. ದಿಢೀರ್ ಎದೆನೋವು ಬಂದಾಗ ಎಂಆರ್‌ಐ ಹುಡುಕಿಕೊಂಡು ಹೋಗುವುದಲ್ಲ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಉದ್ದೇಶದಿಂದಲೇ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿದೆ. ಎಂಆರ್‌ಐ ಸರದಿ ಆಮೇಲೆ, ಕಾರಣ ಗೊತ್ತಾಗದಿದ್ದಾಗ.

ಚಿಕ್ಕಪ್ಪನಿಗೆ ಬಂದದ್ದು ಹೃದಯದ ಉರಿಯೂತ. ಮಾತ್ರೆ ಕೊಟ್ಟು, ಕೆಲವು ತಿಂಗಳು ಭಾರ ಎತ್ತಬೇಡಿ ಅಂದರು. ಆ ಸೀಸನ್ನಿನ ಬಾಕ್ಸುಗಳನ್ನೆಲ್ಲ ಅವರ ಮಗ ಹೊತ್ತ. ಚಿಕ್ಕಪ್ಪ ಬದುವಿನ ಮೇಲೆ ಕೂತು ಬೈಯುತ್ತಿದ್ದರು, ಅಷ್ಟೆ. ಚಿತ್ರ ಇಲ್ಲದಿದ್ದರೆ ಅವರನ್ನು ಕೂರಿಸೋದು ಯಾರ ಕೈಲೂ ಆಗುತ್ತಿರಲಿಲ್ಲ.

ನಿಮ್ಮ ಮನೆಯವರಿಗೆ ಈ ಪರೀಕ್ಷೆ ಬರೆದುಕೊಟ್ಟರೆ, ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಉಸಿರು ಹಿಡಿಯಲು ಆಗದಿದ್ದರೆ ನಾಚಿಕೆ ಬೇಡ, ಅದನ್ನೂ ಹೇಳಿ. ರಿಪೋರ್ಟಿನ ಹಾಳೆಯ ಜೊತೆ ಚಿತ್ರಗಳಿರುವ ಸಿಡಿ ಕೇಳಿ ಪಡೆಯಿರಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕಾದರೆ ಅದನ್ನು ಕಳಿಸಿದರೆ ಸಾಕು, ರೋಗಿಯನ್ನು ಮತ್ತೆ ನೂರು ಕಿಲೋಮೀಟರ್ ಕರೆದುಕೊಂಡು ಹೋಗಬೇಕಾಗಿಲ್ಲ.