ಊರಿನ ಹೆಸರು ತಿದ್ದಿದ ಬಗೆ

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಇಂಗ್ಲಿಷಿನ ‘ಶಿಮೊಗ’ವೂ, ನಾವು ಎಂದಿನಿಂದಲೂ ಹೇಳುತ್ತಿದ್ದಂತೆ, ‘ಶಿವಮೊಗ್ಗ’ವಾಯಿತು. ಸಂತೋಷವೇ. ಆದರೆ ನನ್ನ ಜಾಲಪುಟದ ಇಂಗ್ಲಿಷ್ ಬರಹಗಳಲ್ಲಿ ಹಳೆಯ ಹೆಸರೇ ಉಳಿದಿತ್ತು. ಸವಳಂಗ ರಸ್ತೆಯ ನಮ್ಮ ಮನೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ, ಕಾಫಿ ಆರುವ ಮೊದಲೇ ಒಂದು ಸಾಲು ಬರೆದು, “ಮುಗಿಯಿತು ಸಾರ್” ಎಂದ. ಅವನು ಹೋದ ಮೇಲೆ ನೋಡುತ್ತೇನೆ: ಹೆಸರೇನೋ ಬದಲಾಗಿದೆ, ಆದರೆ ಶಾಲಾ ವಾರ್ಷಿಕೋತ್ಸವದ ಚಿತ್ರಗಳು ಕಾಣೆಯಾಗಿವೆ! ಒತ್ತುವ ಗುಂಡಿಗಳೂ ಕೆಲಸ ನಿಲ್ಲಿಸಿವೆ.

ಅವನನ್ನು ದೂರುವುದಿಲ್ಲ. ಅವನಿಗೆ ಹಾಗೆ ಕಲಿಸಿದ ಕ್ರಮವನ್ನು ದೂರುತ್ತೇನೆ. ‘ಇನ್ನರ್‌ಎಚ್‌ಟಿಎಂಎಲ್’ ಎಂಬ ಒಂದೇ ಗುಣವನ್ನು ಬಾಯಿಪಾಠ ಮಾಡಿಸಿ ಪರೀಕ್ಷೆ ದಾಟಿಸುವ ಕ್ರಮವದು. ಆ ಗುಣವು ಒಳಗಿರುವುದೆಲ್ಲವನ್ನೂ, ಚಿತ್ರಗಳ ಕಡತದ ಹೆಸರುಗಳನ್ನು ಸಹ, ಒಂದೇ ಉದ್ದನೆಯ ಬರಹವಾಗಿ ಕೊಡುತ್ತದೆ. ಅದರಲ್ಲಿ ಹೆಸರು ತಿದ್ದಿದರೆ ಕಡತದ ಹೆಸರೂ ತಿದ್ದಿಹೋಗುತ್ತದೆ. ತಿದ್ದಿದ್ದನ್ನು ಮರಳಿ ಇಟ್ಟಾಗ ಹಳೆಯ ನೋಡ್‌ಗಳೆಲ್ಲ ಹೋಗಿ ಹೊಸವು ಹುಟ್ಟುತ್ತವೆ. ಹಳೆಯ ಗುಂಡಿಗಳಿಗೆ ಅಂಟಿಸಿದ್ದ ಕೆಲಸಗಳು ಅವುಗಳೊಂದಿಗೇ ಅಳಿಯುತ್ತವೆ. ಒಂದು ಕಾಗುಣಿತದ ತಪ್ಪಿಗೆ ಹುಡುಗನ ಇಡೀ ನೋಟ್‌ಬುಕ್ ಹರಿದು ಬೇರೆ ಬರೆಸುವ ಮೇಷ್ಟ್ರನ್ನು ನೀವು ಒಪ್ಪುತ್ತಿದ್ದಿರಾ?

ಪುಟವೆಂಬುದು ಒಂದು ವಂಶವೃಕ್ಷ. 1998ರಲ್ಲೇ ಡಬ್ಲ್ಯು3ಸಿ ಸಂಸ್ಥೆಯು ಅದರ ಮೊದಲ ನಿಯಮಾವಳಿಯನ್ನು ಹೊರತಂದಿತು. ಪ್ರತಿ ನೋಡ್‌ಗೂ ಹೆಸರುಂಟು, ಜಾತಿಯುಂಟು, ‘ಪೇರೆಂಟ್‌ನೋಡ್’ ಎಂಬ ಹೆತ್ತವರುಂಟು. ‘ನೋಡ್‌ಟೈಪ್’ 1 ಎಂದರೆ ಎಲಿಮೆಂಟ್, 3 ಎಂದರೆ ಬರೀ ಬರಹ. ಎಲಿಮೆಂಟಿನ ‘ನೋಡ್‌ವ್ಯಾಲ್ಯೂ’ ಕೇಳಿದರೆ ಸಿಗುವುದು ‘ನಲ್’, ಅಂದರೆ ಶೂನ್ಯ. ಅಕ್ಷರಗಳಿರುವುದು ಅದರ ಮಗುವಿನಲ್ಲಿ. ಆ 3ರ ಜಾತಿಯವನ್ನು ಮಾತ್ರ ಹುಡುಕಿ ‘ನೋಡ್‌ವ್ಯಾಲ್ಯೂ’ ತಿದ್ದಿದ್ದರೆ ಚಿತ್ರಗಳು ಇದ್ದಲ್ಲೇ ಇರುತ್ತಿದ್ದವು. (ಮೊದಲ ಮಗುವನ್ನು ಕೇಳಿದಾಗ ಎಷ್ಟೋ ಸಲ ಸಾಲು ಮುರಿದ ಖಾಲಿ ಜಾಗವೇ ಸಿಗುತ್ತದೆ, ನಾನೂ ಅದರಲ್ಲಿ ಒಂದು ಸಂಜೆ ಕಳೆದಿದ್ದೇನೆ.)

“ಒಂದು ಸಾಲಿನ ಕೆಲಸಕ್ಕೆ ಹತ್ತು ಸಾಲೇಕೆ?” ಎನ್ನುವವರಿದ್ದಾರೆ. “ಬ್ರಿಟಿಷರು ಶಿಮೊಗ ಎಂದು ಬರೆಯುತ್ತಿದ್ದರು” ಎಂಬ ನನ್ನ ವಾಕ್ಯವನ್ನೂ ಆ ಒಂದು ಸಾಲು “ಶಿವಮೊಗ್ಗ ಎಂದು ಬರೆಯುತ್ತಿದ್ದರು” ಎಂದು ತಿದ್ದಿಟ್ಟಿತ್ತು. ನೋಡ್‌ಗಳನ್ನು ಒಂದೊಂದಾಗಿ ನೋಡುತ್ತ ಹೋಗುವವನು ಅಲ್ಲಿ ಕೈ ತಡೆಯಬಹುದು. ನಿಮ್ಮಲ್ಲಿ ಈಗ ಕಾಲೇಜುಗಳಲ್ಲಿ ಕಲಿಸುತ್ತಿರುವವರು, ಗಣಕಯಂತ್ರ ತೆರೆಸುವ ಮೊದಲು, ಕಪ್ಪುಹಲಗೆಯ ಮೇಲೆ ಆ ಮರವನ್ನು ಬರೆಸಿರಿ.